ಮಸ್ಕಿಯ ಉಸ್ತಾದರ ಕಿವಿ

ಮೂವತ್ತಾರು ದಾಟಿದ ಮೇಲೆ ನಾನು ಪಿಎಚ್.ಡಿ.ಗೆ ಸೇರಿದೆ. ಲಿಂಗಸುಗೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತ ಹತ್ತು ವರ್ಷ ಕಳೆದಿದ್ದವು. ಇನ್ನು ಈ ವಯಸ್ಸಿನಲ್ಲಿ ಏನು ಕಂಡುಹಿಡಿಯಲು ಹೊರಟೆ ಎಂದು ಮನೆಯಲ್ಲಿ ಕೇಳಿದರು. ಮೋಟಾರಿನ ಸದ್ದು ಕೇಳಿ ಅದಕ್ಕೆ ಯಾವ ರೋಗ ಬಂದಿದೆ ಎಂದು ಹೇಳುವ ಸಣ್ಣ ಯಂತ್ರ ಮಾಡುತ್ತೇನೆ, ಪೂರ್ತಿ ಕೆಡುವ ಮೊದಲೇ ಅದು ಎಚ್ಚರಿಸಬೇಕು ಎಂದೆ. ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಅದನ್ನ ಮಸ್ಕ್ಯಾಗಿನ ಉಸ್ತಾದ ಹೇಳ್ತಾನಲ್ಲ. ಅದಕ್ಕ್ಯಾಕ ಮಶೀನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನನ್ನ ಮಾರ್ಗದರ್ಶಕರು ದೂರದ ಊರಿನ ದೊಡ್ಡ ಕಾಲೇಜಿನ ಪ್ರಾಧ್ಯಾಪಕರು. ನಮ್ಮ ಭೇಟಿಯೆಲ್ಲ ವಿಡಿಯೋ ಕರೆಯಲ್ಲೇ. ಮೊದಲ ಕರೆಯಲ್ಲೇ ಅವರು ಕೇಳಿದ್ದರು, ಕೆಟ್ಟ ಮೋಟಾರುಗಳನ್ನು ಎಲ್ಲಿಂದ ತರುತ್ತೀರಿ ಎಂದು. ಪ್ರಯೋಗಾಲಯಗಳಲ್ಲಿ ಹೊಸ ಬೇರಿಂಗಿಗೆ ಬೇಕೆಂದೇ ಸಣ್ಣ ತೂತು ಕೊರೆದು, ಕೃತಕವಾಗಿ ರೋಗ ತರಿಸಿ ಸದ್ದು ಹಿಡಿಯುತ್ತಾರಂತೆ. ಸರ್, ನಮ್ಮ ಕಡೆ ಕೆಟ್ಟ ಮೋಟಾರಿಗೆ ಬರವಿಲ್ಲ, ಕೊರೆಯುವ ಕಷ್ಟವೇ ಬೇಡ ಎಂದೆ. ಸಿಂಧನೂರಿನ ರೈಸ್ ಮಿಲ್ಲುಗಳು, ಕಾಲುವೆಯ ದಂಡೆಗುಂಟ ಸಾಲಾಗಿ ಕೂತ ಪಂಪುಗಳು, ಮೇಲಿನ ಹೊಲಗಳ ಬೋರ್‌ವೆಲ್ಲುಗಳು. ಇವೆಲ್ಲವುಗಳ ರೋಗ ಕೊನೆಗೆ ಬಂದು ಸೇರುವುದು ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿರುವ, ಅದೇ ಉಸ್ತಾದರ ಮೋಟಾರು ರಿಪೇರಿಯ ತಗಡಿನ ಅಂಗಡಿಗೆ.

ಆ ಅಂಗಡಿ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮಪ್ಪ ಸುಟ್ಟ ಮೋಟಾರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗುವಾಗ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಊರೆಲ್ಲ ಉಸ್ತಾದ ಎನ್ನುವ ಆ ಮನುಷ್ಯನನ್ನು ನಾನು ಆಗಿನಿಂದಲೂ ಚಾಚಾ ಎಂದೇ ಕರೆಯುವುದು. ಈಗ ಅವರಿಗೆ ಅರವತ್ತೈದರ ಮೇಲಾಗಿದೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಬೆರಳ ತುದಿಗಳು ಮಾತ್ರ ವಾರ್ನಿಷಿನಿಂದ ಕಂದಾಗಿ, ಸುಟ್ಟ ರೊಟ್ಟಿಯ ಅಂಚಿನಂತೆ ಕಾಣುತ್ತವೆ. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಚಾಚಿ ಕೂತು, ತಂತಿ ಸುತ್ತುವ ಮುಂಚೆ ಮೋಟಾರಿನ ಹಳ್ಳಗಳಿಗೆ ಹಾಕುವ ದಪ್ಪ ಕಾಗದವನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತಾರೆ. ಅಳತೆಗೋಲು ಹಿಡಿದದ್ದನ್ನು ನಾನು ಕಂಡಿಲ್ಲ.

ಚಾಚಾ ಮೋಟಾರು ಪರೀಕ್ಷಿಸುವ ರೀತಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ತಾಲೂಕಿನಲ್ಲಿ ಪ್ರಸಿದ್ಧ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಗ ಮೋಟಾರಿನ ಮಾಲೀಕ ಉಸಿರು ಬಿಗಿಹಿಡಿದು, ಡಾಕ್ಟರ ಮುಂದೆ ನಿಂತವನಂತೆ ಅವರ ಮುಖವನ್ನೇ ನೋಡುತ್ತಿರುತ್ತಾನೆ.

ನನ್ನ ಕೆಲಸ ವಿವರಿಸಿದಾಗ ಅವರು ಬೇಗ ಒಪ್ಪಿದರು. ನನಗೆ ಬೇಕಿದ್ದದ್ದು ಇಷ್ಟು. ನಾನು ಸುತ್ತಾಡಿ ಮೋಟಾರುಗಳ ಸದ್ದು ರೆಕಾರ್ಡ್ ಮಾಡಿ ತರುತ್ತೇನೆ. ಪ್ರತಿ ತುಣುಕನ್ನೂ ಅವರು ಹೆಡ್‌ಫೋನಿನಲ್ಲಿ ಕೇಳಿ, ಇದಕ್ಕೆ ಇಂಥ ರೋಗ ಎಂದು ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ. ಹೀಗೆ ಗುರುತು ಹಚ್ಚಿದ ನೂರಾರು ತುಣುಕುಗಳನ್ನು ಕಂಪ್ಯೂಟರಿಗೆ ಉಣಿಸಿದರೆ, ಮಗು ದನಿಗಳನ್ನು ಕಲಿಯುವ ಹಾಗೆ ಅದೂ ಕಲಿಯುತ್ತದೆ. ಚಾಚಾ ಹೇಳಿದರು: "ಕಲಿಸೋಣಂತ ಬೇಟಿ. ಮೋಟ್ರು ಸುಳ್ಳ ಹೇಳಂಗಿಲ್ಲ. ಮಾಲೀಕ ಹೇಳ್ತಾನ."

ರೋಗಗಳಿಗೆ ಅವರು ಇಟ್ಟುಕೊಂಡಿದ್ದ ಹೆಸರುಗಳೇ ನನ್ನ ಪಟ್ಟಿಯ ಹೆಸರುಗಳಾದವು. ಬೇರಿಂಗ್ ಸವೆಯತೊಡಗಿದರೆ ಮೋಟಾರು ಹಲ್ಲು ಕಡಿಯುತ್ತದೆ. ಒಳಗೆ ತಿರುಗುವ ರೋಟರಿನ ಸರಳು ಬಿರಿದರೆ ಏದುಸಿರು ಬಿಡುತ್ತದೆ. ಮೋಟಾರೂ ಪಂಪೂ ಒಂದೇ ನೇರಕ್ಕೆ ಕೂರದಿದ್ದರೆ ಕುಂಟುತ್ತದೆ. ತಂತಿಯ ಸುತ್ತುಗಳು ಸುಡುವ ಮುನ್ನ ನರಳುತ್ತದೆ. ರೋಗವಿಲ್ಲದ್ದಕ್ಕೆ 'ಚಲೋ ಐತಿ' ಎಂದಷ್ಟೇ. ಕಂಪ್ಯೂಟರಿನಲ್ಲೂ ಇವನ್ನೇ ಟೈಪ್ ಮಾಡಿದೆ. ಹಲ್ಲುಕಡಿತ ಎಂದರೇನೆಂದು ಕೇಳಿದ ಮಾರ್ಗದರ್ಶಕರು, ವಿವರಿಸಿದ ಮೇಲೆ ಇದೇ ಇರಲಿ ಎಂದರು.

ಒಂದು ಹಂಗಾಮು ಪೂರ್ತಿ ನಾನು ಮೈಕು, ಫೋನು ಹಿಡಿದು ತಿರುಗಿದೆ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟರೆ ನೇರ ಸಿಂಧನೂರಿಗೆ. ಭಾನುವಾರ ದಢೇಸುಗೂರು, ಮುಕ್ಕುಂದದ ಕಡೆ. ಮಿಲ್ಲುಗಳಲ್ಲಿ ನೆಲ್ಲಿನ ದೂಳು ಮೈಕಿನ ಜಾಳಿಗೆಯೊಳಗೆ ಹೊಕ್ಕು ಕೂರುತ್ತಿತ್ತು. ಹಮಾಲರು ನನ್ನ ಫೋನಿನ ಹತ್ತಿರ ಬಂದು, ಅದು ಕೇಳಿಸಿಕೊಳ್ಳಲೆಂದು ತಮ್ಮ ಹೆಸರು ಹೇಳಿ ಹೋಗುತ್ತಿದ್ದರು. ಪಂಪಿನ ಮುಂದೆ ಕೂತರೆ ಹೊಲದವರು ಚಹಾ ತರಿಸಿ, ಮೋಟಾರಿನ ಸದ್ದು ತಗೊಂಡು ಏನು ಮಾಡುತ್ತೀರಿ, ಫೋನಿಗೆ ರಿಂಗ್‌ಟೋನ್ ಇಡುತ್ತೀರಾ ಎಂದು ಕೇಳುತ್ತಿದ್ದರು.

ಮೊದಲ ಬಾರಿ ಕಂಪ್ಯೂಟರಿಗೆ ಕಲಿಸಿದಾಗ ಬಂದ ಫಲಿತಾಂಶ ನೋಡಿ ನಾನು ಹಿಗ್ಗಿದೆ. ಚಲೋ ಇರುವ ಮೋಟಾರುಗಳನ್ನು ಅದು ಒಂದೂ ತಪ್ಪದೆ ಗುರುತಿಸಿತ್ತು. ಅನುಮಾನ ಬಂದದ್ದು ಮಾರ್ಗದರ್ಶಕರಿಗೆ. ಇಷ್ಟು ಸರಿಯಾಗಿ ಬರುವುದು ಒಳ್ಳೆಯ ಲಕ್ಷಣವಲ್ಲ, ಅದು ನಿಜಕ್ಕೂ ಏನನ್ನು ಕೇಳುತ್ತಿದೆ ನೋಡಿ ಎಂದರು. ನೋಡಿದರೆ, ಅದು ಮೋಟಾರನ್ನು ಕೇಳುತ್ತಲೇ ಇರಲಿಲ್ಲ. ಚಲೋ ಮೋಟಾರುಗಳಲ್ಲಿ ಹೆಚ್ಚಿನವನ್ನು ನಾನು ಮುಕ್ಕುಂದದ ಗದ್ದೆಗಳಲ್ಲಿ, ನೀರು ಬಿಟ್ಟ ದಿನಗಳಲ್ಲಿ ರೆಕಾರ್ಡ್ ಮಾಡಿದ್ದೆ. ಹಿಂದೆ ಕಪ್ಪೆಗಳು ವಟಗುಟ್ಟುತ್ತಿದ್ದವು. ಕಪ್ಪೆ ಕೂಗಿದರೆ ಮೋಟಾರು ಚಲೋ ಇದೆ ಎಂದು ಕಂಪ್ಯೂಟರು ಕಲಿತುಬಿಟ್ಟಿತ್ತು.

ಇದನ್ನು ಚಾಚಾನಿಗೆ ಹೇಳಿದಾಗ ಅವರು ತಂತಿ ಸುತ್ತುವುದನ್ನು ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತು ಅಂಗಡಿಗೆ ಬಂದವರಿಗೆಲ್ಲ ಕತೆ ಹೇಳಿದ್ದೇ ಹೇಳಿದ್ದು. ಮೋಟಾರು ಕೆಟ್ಟಿದೆ ಎಂದು ಬಂದವನೊಬ್ಬನಿಗೆ, ನಾಲ್ಕು ಕಪ್ಪೆ ಹಿಡಿದುಕೊಂಡು ಬಾ, ಮಶೀನು ಚಲೋ ಐತಿ ಅಂತ ಬರೆದು ಕೊಡುತ್ತದೆ ಎಂದರು. ನಾನು ಅರ್ಧ ವರ್ಷದ ಕೆಲಸವನ್ನು ಮೊದಲಿನಿಂದ ಶುರುಮಾಡಬೇಕಿತ್ತು. ಆದರೂ ಆ ದಿನ ಅವರ ಜೊತೆ ನಕ್ಕಷ್ಟು ಬೇರೆ ಎಂದೂ ನಕ್ಕಿಲ್ಲ.

ಎರಡನೆಯ ಸಲ ಜಾಗ್ರತೆ ವಹಿಸಿದೆ. ಕೆಟ್ಟ ಮೋಟಾರನ್ನೂ ಗದ್ದೆಯಲ್ಲಿ ಹಿಡಿದೆ, ಚಲೋ ಮೋಟಾರನ್ನೂ ಮಿಲ್ಲಿನ ಗದ್ದಲದಲ್ಲಿ ಹಿಡಿದೆ. ಚಾಚಾ ಮಧ್ಯಾಹ್ನದ ಜೋಹರ್ ನಮಾಜು ಮುಗಿಸಿ, ಊಟ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ಕಣ್ಣು ಮುಚ್ಚಿ, ಒಂದೊಂದಕ್ಕೂ ತೀರ್ಪು ಹೇಳುತ್ತಿದ್ದರು. ಆ ಮೋಟಾರುಗಳಲ್ಲಿ ಸುಮಾರು ಮುಂದೆ ಅವರ ಅಂಗಡಿಗೇ ಬಂದು ಬಿಚ್ಚಲ್ಪಟ್ಟವು. ಬಿಚ್ಚಿದಾಗ ಕಂಡ ನಿಜವಾದ ರೋಗವನ್ನೂ ನಾನು ಪಕ್ಕದಲ್ಲೇ ಬರೆದಿಡುತ್ತಿದ್ದೆ, ಮುಂದೆ ಒರೆ ಹಚ್ಚಲು ಬೇಕಾದೀತೆಂದು.

ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ಲಿಂಗಸುಗೂರಿನ ಮನೆಯ ಪಡಸಾಲೆಯಲ್ಲಿ ಕೂತು, ಚಾಚಾ ಹೇಳಿದ್ದನ್ನೂ ಕಂಪ್ಯೂಟರು ಹೇಳಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಏದುಸಿರು, ಕುಂಟು, ನರಳಿಕೆಗಳಲ್ಲಿ ಇಬ್ಬರದೂ ಒಂದೇ ಮಾತು. ಹಲ್ಲುಕಡಿತದಲ್ಲಿ ಮಾತ್ರ ಹೊಂದುತ್ತಿರಲಿಲ್ಲ. ಜೋರಾದ ಹಲ್ಲುಕಡಿತವನ್ನು ಚಾಚಾ ಗುರುತಿಸಿದ್ದರು, ಕಂಪ್ಯೂಟರು ಕಲಿತದ್ದೂ ಅವುಗಳಿಂದಲೇ; ಸಣ್ಣದನ್ನು ಅದು ಹಲ್ಲುಕಡಿತ ಎಂದಲ್ಲೆಲ್ಲ ಚಾಚಾ ಚಲೋ ಐತಿ ಎಂದಿದ್ದರು. ಮತ್ತೆ ಯಾವುದೋ ಕಪ್ಪೆ ಹೊಕ್ಕಿದೆ ಎಂದುಕೊಂಡು ನಾನು ಹುಡುಕಿದೆ. ಟೈಪು ಮಾಡುವಾಗ ನಾನೇ ತಪ್ಪಿದೆನೇನೋ ಎಂದು ಪುಸ್ತಕ ತಿರುವಿದೆ. ಕೊನೆಗೆ ಬಿಚ್ಚಿದ ಮೋಟಾರುಗಳ ಕಾಲಂ ನೋಡಿದೆ. ಅಲ್ಲಿ ಚಾಚಾನ ಕೈಯಲ್ಲೇ ಬಿಚ್ಚಿಸಿಕೊಂಡ ಬೇರಿಂಗುಗಳ ಗುಂಡುಗಳಲ್ಲಿ ಕಲೆ ಬಿದ್ದಿತ್ತು. ಕಂಪ್ಯೂಟರು ಸರಿ ಇತ್ತು.

ಬೇರಿಂಗ್ ಸವೆಯಲು ಶುರುವಾದಾಗ ಹೊರಡುವ ಸದ್ದು ಬಹಳ ಸಣ್ಣದು, ಬಹಳ ಏರುದನಿಯದು. ಪರದೆಯ ಮೇಲೆ ಅದು ಎಲ್ಲಕ್ಕಿಂತ ಮೇಲೆ ತೆಳುವಾದ ಗೆರೆಯಾಗಿ ಕಾಣುತ್ತದೆ. ವಯಸ್ಸಾದ ಕಿವಿ, ಅದರಲ್ಲೂ ನಲವತ್ತು ವರ್ಷ ಕಬ್ಬಿಣದ ಮೇಲೆ ಸುತ್ತಿಗೆ ಬಡಿದ ಕಿವಿ, ಮೊದಲು ಕಳೆದುಕೊಳ್ಳುವುದು ಈ ಏರುದನಿಗಳನ್ನೇ. ಇದು ನಾನು ಮಕ್ಕಳಿಗೆ ಪಾಠದಲ್ಲಿ ಹೇಳುವ ವಿಷಯ. ಅದು ಚಾಚಾನ ಕಿವಿ ಎಂದು ಹೊಳೆದಾಗ ಮಾತ್ರ ಮುಂದೆ ಓದಲಾಗದೆ ಲ್ಯಾಪ್‌ಟಾಪು ಮುಚ್ಚಿಟ್ಟೆ.

ಮಾರ್ಗದರ್ಶಕರಿಗೆ ಹೇಳಿದೆ. ಅವರು ಕಟುವಾಗೇನೂ ಮಾತಾಡಲಿಲ್ಲ. ಆದರೆ ಆ ಮನುಷ್ಯನ ಗುರುತುಗಳನ್ನು ನಂಬಲಾಗುವುದಿಲ್ಲ, ಅವರನ್ನು ಕೈಬಿಡಿ, ಬಿಚ್ಚಿ ನೋಡಿದ ಮೋಟಾರುಗಳನ್ನಷ್ಟೇ ಇಟ್ಟುಕೊಳ್ಳಿ ಎಂದರು. ಸಂಶೋಧನೆಯ ದೃಷ್ಟಿಯಿಂದ ಅದು ಸರಿಯಾದ ಮಾತು.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಚಾಚಾ ಈಚೆಗೆ ಎಲ್ಲರಿಗೂ ಬಲಗಿವಿ ತಿರುಗಿಸಿ ಮಾತಾಡುತ್ತಿದ್ದರು. ಒಮ್ಮೊಮ್ಮೆ ನನ್ನ ಜೊತೆ ಅಂಗಡಿಗೆ ಬರುತ್ತಿದ್ದ ವಿದ್ಯಾರ್ಥಿನಿಯರು ಏನೋ ಕೇಳಿದರೆ, ತುಟಿ ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಅಂಗಡಿಗೆ ಗಿರಾಕಿ ಬಂದು ಮೆಲ್ಲಗೆ ಏನಾದರೂ ಹೇಳಿದರೆ, ಒಳಗಿನಿಂದ ಚಾಚಿ ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಿದ್ದರು, ಗಿರಾಕಿಯನ್ನು ಗದರಿಸಿದ ಹಾಗೆ. ಎರಡೂವರೆ ಎಚ್.ಪಿ. ಅಂತ ಹೇಳಾಕ ಇಷ್ಟ್ಯಾಕ ಪಿಸುಗುಡ್ತೀ, ಎಂದು.

ಖಚಿತ ಮಾಡಿಕೊಳ್ಳಬೇಕೆನಿಸಿತು. ಅದಕ್ಕಾಗಿ ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹೆಡ್‌ಫೋನ್ ಯಾಕೋ ಸರಿ ಇಲ್ಲ ಚಾಚಾ, ಪರೀಕ್ಷೆ ಮಾಡಬೇಕು, ಸದ್ದು ಕೇಳಿದಾಗ ಬೆರಳು ಎತ್ತಿ ಎಂದು ಸುಳ್ಳು ಹೇಳಿದೆ. ತಗ್ಗಿದ ದನಿಯಿಂದ ಶುರುಮಾಡಿ ಒಂದೊಂದೇ ಏರುದನಿ ಕೇಳಿಸುತ್ತ ಹೋದೆ. ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು. ಒಂದು ಹಂತದ ಮೇಲೆ ಏಳಲಿಲ್ಲ. ಆ ದನಿ ಹೆಡ್‌ಫೋನಿನಿಂದ ಸೋರಿ ಎದುರು ಕೂತ ನನಗೇ ಕೇಳಿಸುತ್ತಿತ್ತು. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ಮುಗೀತೇನು ಎಂದರು. ಹೂಂ, ಹೆಡ್‌ಫೋನ್ ಚಲೋ ಐತಿ ಎಂದೆ. ಅವರು ಅದನ್ನು ತೆಗೆದು, ವಯರು ಸುತ್ತಿ, ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಕೂತರು.

ಮುಂದಿನ ವಾರ ಚಾಚಾ ಮಸೀದಿಗೆ ಹೋಗಿದ್ದ ಹೊತ್ತು ನೋಡಿ ಚಾಚಿಗೆ ಹೇಳಿದೆ. ಅವರ ಕೈಯ ಕತ್ತರಿ ನಿಲ್ಲಲಿಲ್ಲ.

"ಗೊತ್ತೈತವ್ವ," ಎಂದರು. "ಎರಡು ವರ್ಷ ಆತು. ಒಲಿಮ್ಯಾಲೆ ಕುಕ್ಕರ್ ಸೀಟಿ ಹೊಡದರ ಅವರಿಗೆ ಕೇಳಂಗಿಲ್ಲ. ಅವರು ನಂಗ ಹೇಳಿಲ್ಲ, ನಾನೂ ಕೇಳಿಲ್ಲ. ಊರ ಮಂದಿ ಇವರ ಕಿವಿ ನಂಬ್ಕೊಂಡು ಬರ್ತಾರ. ಕಿವಿ ಹೋಗ್ಯಾವಂತ ನಾನ್ಯಾಕ ಬಾಯಿ ತೆಗೀಲಿ?"

ಡಾಕ್ಟರಿಗೆ ತೋರಿಸಬಹುದಿತ್ತಲ್ಲ ಎಂದೆ. ತೋರಿಸಬೇಕಾದರೆ ಮೊದಲು ಅವರೇ ಒಪ್ಪಬೇಕಲ್ಲ ಎಂದರು ಚಾಚಿ. ನೀನೂ ಹೇಳಬೇಡ ಎಂದು ಮಾತ್ರ ಅವರು ಹೇಳಲಿಲ್ಲ. ಅದನ್ನು ನನಗೇ ಬಿಟ್ಟರು. ನಾನು ಮೂರು ವಾರ ಆ ಕಡೆ ಹೋಗಲೇ ಇಲ್ಲ.

ಕೊನೆಗೆ ಕರೆದದ್ದು, ಸಿಂಧನೂರಿನಲ್ಲಿ ನಾನು ಸದ್ದು ಹಿಡಿಯುತ್ತಿದ್ದ ಒಂದು ಮಿಲ್ಲಿನ ಮಾಲೀಕರು. ಸುಗ್ಗಿಯ ನೆಲ್ಲು ಬರತೊಡಗಿತ್ತು. ಅಕ್ಕಿಗೆ ಹೊಳಪು ಕೊಡುವ ಯಂತ್ರದ ಮೋಟಾರು ಯಾಕೋ ಬಿಸಿಯಾಗುತ್ತಿದೆ, ಉಸ್ತಾದರನ್ನು ಕರೆತನ್ನಿ, ನಿಮ್ಮ ಮಶೀನೂ ತನ್ನಿ, ಇಬ್ಬರದೂ ನೋಡೋಣ ಎಂದರು. ಅವರಿಗೆ ಅದೊಂದು ಮೋಜು. ನನ್ನ ಹಳೆಯ ಕಾರಿನಲ್ಲಿ ಮಸ್ಕಿಯಲ್ಲಿ ಚಾಚಾನನ್ನು ಹತ್ತಿಸಿಕೊಂಡೆ. ಮೂರು ವಾರ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ದಾರಿಯುದ್ದಕ್ಕೂ ಕಾಲುವೆಗೆ ಈ ಸಲ ಯಾವಾಗ ನೀರು ಬಿಟ್ಟರು, ಯಾವ ತುದಿಗೆ ಮುಟ್ಟಲಿಲ್ಲ ಎಂಬ ಮಾತೇ.

ಮಿಲ್ಲಿನಲ್ಲಿ ಎಲ್ಲ ಯಂತ್ರಗಳೂ ಓಡುತ್ತಿದ್ದವು. ಪಕ್ಕದವರ ಮಾತೂ ಕೇಳಿಸದಷ್ಟು ಗದ್ದಲ. ನಾನು ಮೈಕು ಹಿಡಿದು ನನ್ನ ಪ್ರೋಗ್ರಾಮ್ ಓಡಿಸಿದೆ. ಪರದೆಯ ಮೇಲೆ 'ಚಲೋ ಐತಿ' ಎಂದು ಬಂತು. ಮಾಲೀಕರು ನಕ್ಕು ಚಾಚಾನ ಕಡೆ ತಿರುಗಿದರು. ಚಾಚಾ ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೇ ಇಲ್ಲ. ಮೋಟಾರು ಬಂದ್ ಮಾಡಲು ಹೇಳಿದರು. ಅದು ವೇಗ ಕಳೆದುಕೊಳ್ಳುತ್ತಿರುವಾಗ ಬೇರಿಂಗಿನ ಮೇಲೆ ಅಂಗೈ ಇಟ್ಟು ನಿಂತರು. ಪೂರ್ತಿ ನಿಂತ ಮೇಲೆ ಬೆಲ್ಟು ಬಿಚ್ಚಿಸಿ, ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು, ಬಾಟಲಿಯ ಮುಚ್ಚಳ ತಿರುವಿದಂತೆ ಮೆಲ್ಲಗೆ ಆಚೆ ಈಚೆ ತಿರುವಿದರು. ಆಮೇಲೆ, ಹಲ್ಲು ಕಡಿಯಾಕತ್ತೈತಿ, ಬೇರಿಂಗ್ ತೆಗೀರಿ ಎಂದರು.

"ಸಪ್ಪಳ ಎಲ್ಲೈತಿ ಉಸ್ತಾದ?" ಮಾಲೀಕರು ಕೂಗಿ ಕೇಳಿದರು. "ನಮಗೇನೂ ಕೇಳವಲ್ದು."

"ನಂಗೂ ಕೇಳವಲ್ದು," ಎಂದರು ಚಾಚಾ. "ಎರಡು ವರ್ಷದಿಂದ ಕೇಳವಲ್ದು. ಕೈಗೆ ತಿಳೀತೈತಿ."

ನೋಡಲು ನೆರೆದಿದ್ದ ಹಮಾಲರ ಮುಂದೆಯೇ ಅವರು ಅದನ್ನು ಗಟ್ಟಿಯಾಗಿ ಹೇಳಿಬಿಟ್ಟರು. ಮಿಲ್ಲಿನ ಮಿಸ್ತ್ರಿ ಮೋಟಾರು ಬಿಚ್ಚಿದ. ಬೇರಿಂಗಿನ ಉಂಗುರದ ಒಳಮೈಯಲ್ಲಿ ಎಳ್ಳಿನ ಗಾತ್ರದ ಕುಳಿಗಳು ಬಿದ್ದಿದ್ದವು. ಮಾಲೀಕರು ಅದನ್ನು ಬೆಳಕಿಗೆ ಹಿಡಿದು ನೋಡಿ, ಚಾಚಾನಿಗೆ ತಾವೇ ಕುರ್ಚಿ ಎಳೆದು ಹಾಕಿದರು.

ಮರಳಿ ಬರುವಾಗ ಜವಳಗೇರಾ ದಾಟಿದ ಮೇಲೆ ಚಾಚಾ ತಾವೇ ಮಾತು ತೆಗೆದರು.

"ನೀ ಅವತ್ತು ಪರೀಕ್ಷೆ ಮಾಡಿದ್ದು ಹೆಡ್‌ಫೋನ್ ಅಲ್ಲ, ಬೇಟಿ."

ನಾನು ಕಾರು ಬದಿಗೆ ನಿಲ್ಲಿಸಿದೆ. ತಪ್ಪಾಯಿತು ಚಾಚಾ ಎಂದೆ. ಅವರು ಕೈ ಅಡ್ಡ ಮಾಡಿದರು.

"ತಪ್ಪು ನಂದು. ಕೇಳದಿದ್ರೂ ಕೇಳಿದಂಗ ಮಾಡಿ ಬರಸಿದೆ. ಒಲ್ಲೆ ಅನ್ನಾಕ ನಾಚಿಕಿ ಬಂತು. ನಿನ್ನ ಕೆಲಸ ಕೆಡಿಸಿದೆ ನಾನು."

ಕೆಡಲಿಲ್ಲ ಎಂದು ಹೇಳಿದೆ. ಆಗ ಅದು ಅವರ ಸಮಾಧಾನಕ್ಕೆ ಹೇಳಿದ ಮಾತಾಗಿತ್ತು. ಮನೆ ಮುಟ್ಟುವಷ್ಟರಲ್ಲಿ ನಿಜವೆಂದೂ ಅನಿಸತೊಡಗಿತು. ಮಿಲ್ಲಿನ ಗದ್ದಲದಲ್ಲಿ ಸೋತದ್ದು ಚಾಚಾನ ಕಿವಿಯಷ್ಟೇ ಅಲ್ಲ, ನನ್ನ ಮೈಕೂ ಸೋತಿತ್ತು. ಗೆದ್ದದ್ದು ಕೈ. ಹಾಗಾದರೆ ನನ್ನ ಯಂತ್ರಕ್ಕೆ ಬರೀ ಕಿವಿ ಇಟ್ಟರೆ ಸಾಲದು, ಚರ್ಮವೂ ಬೇಕು. ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ, ಮಿಲ್ಲಿನಲ್ಲಿ ಚಾಚಾ ಆಡಿದ ಮಾತನ್ನೂ. ಹಾಗಾದರೆ ನಿಮ್ಮ ಉಸ್ತಾದರನ್ನು ಬಿಡಬೇಡಿ, ಕಿವಿಗೊಂದು ಕಾಲಂ ಮಾಡಿ, ಕೈಗೊಂದು ಕಾಲಂ ಮಾಡಿ ಎಂದರು.

ಅಲ್ಲಿಂದ ಮುಂದೆ ಚಾಚಾ ನನಗೆ ಕಲಿಸಿದ್ದು ಮುಟ್ಟುವ ವಿದ್ಯೆ. ಮೊದಲ ದಿನವೇ ಬಳೆ ತೆಗೆಸಿದರು, ಬಳೆಯ ನಡುಕವೂ ಬೆರಳಿಗೆ ಬರುತ್ತದಂತೆ. ಒಂದು ಚಲೋ ಬೇರಿಂಗು, ಒಂದು ಕೆಟ್ಟದ್ದು ಎರಡನ್ನೂ ಬಟ್ಟೆಯಡಿ ಇಟ್ಟು ತಿರುವಿಸಿದರು. ನನಗೆ ಎರಡೂ ಒಂದೇ. ಗಟ್ಟಿ ಹಿಡಿಯಬೇಡ, ಮಗುವಿನ ಜ್ವರ ನೋಡುವಂತೆ ಹಿಡಿ ಎಂದರು. ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ, ನುಣ್ಣಗಿನ ತಿರುವಿನ ನಡುವೆ ಮರಳಿನ ಕಣದಷ್ಟು ತಡೆ ಸಿಕ್ಕಂತಾಯಿತು. ಅದೇ ಎಂದರು ಚಾಚಾ. ಮತ್ತೆ ಸಿಗಲು ಇನ್ನೂ ಒಂದು ತಾಸು ಬೇಕಾಯಿತು.

ಕಂಪನ ಅಳೆಯುವ ಸಣ್ಣ ಸೆನ್ಸರು ತರಿಸಿದೆ, ಉಗುರಿನಷ್ಟು ಅಗಲದ್ದು. ಅದನ್ನು ಮೋಟಾರಿನ ಮೈಮೇಲೆ ಎಲ್ಲಿ ಅಂಟಿಸಬೇಕೆಂಬುದಕ್ಕೆ ಪ್ರಬಂಧಗಳಲ್ಲಿ ಹತ್ತು ಅಭಿಪ್ರಾಯಗಳಿವೆ. ಚಾಚಾ ತಾವು ಅಂಗೈ ಇಡುವ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಅಲ್ಲಿಯೇ ಅಂಟಿಸಿದೆ. ಕಂಪ್ಯೂಟರು ಕಲಿತದ್ದನ್ನು ಹಿಂಡಿ ಹಿಂಡಿ ಸಣ್ಣದು ಮಾಡಿ, ಬೆಂಕಿಪೊಟ್ಟಣದಷ್ಟೇ ಇರುವ ಡಬ್ಬಿಯೊಳಗಿನ ಚಿಪ್‌ಗೆ ತುಂಬುವುದೇ ಒಂದು ವರ್ಷದ ಕೆಲಸವಾಯಿತು. ಈಗ ಸಿಂಧನೂರಿನ ಆ ಮಿಲ್ಲಿನಲ್ಲಿ ಒಂದು ಡಬ್ಬಿ ಇದೆ, ದಢೇಸುಗೂರಿನ ಪಂಪೊಂದರಲ್ಲಿ ಇನ್ನೊಂದು. ಮಿಲ್ಲಿನದ್ದು ಒಮ್ಮೆ ನಿಜವಾಗಿಯೂ ಮೊದಲೇ ಎಚ್ಚರಿಸಿತು. ಪಂಪಿನದ್ದರ ವಯರನ್ನು ಇಲಿ ಕಡಿದು, ಅದು ಎರಡು ವಾರ ಮೂಕವಾಗಿ ಕೂತಿತ್ತು.

ಇತ್ತ, ಮಿಲ್ಲಿನಲ್ಲಿ ಗುಟ್ಟು ಹೊರಬಿದ್ದ ಮೇಲೆ ಚಾಚಿ ತಡಮಾಡಿರಲಿಲ್ಲ. ಮೂವರೂ ಸಿಂಧನೂರಿನ ಕಿವಿ ಡಾಕ್ಟರಲ್ಲಿಗೆ ಹೋದೆವು. ಅಲ್ಲಿ ಶ್ರವಣ ಪರೀಕ್ಷೆ ಮಾಡುವ ತರುಣಿ ಚಾಚಾನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದಾಗ ಅವರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಎರಡೂ ಕಿವಿಗೆ ಯಂತ್ರ ಬಂತು, ಕಡಲೆಯಷ್ಟು ದಪ್ಪದ್ದು.

ಎರಡೇ ದಿನಕ್ಕೆ ಚಾಚಿಯ ಫೋನು ಬಂತು. ಬೇಗ ಬಾ, ಇವರು ಊಟ ಬಿಟ್ಟು ಕೂತಾರ ಎಂದರು. ಹೋಗಿ ನೋಡಿದರೆ ಚಾಚಾ ಓಡುತ್ತಿರುವ ಮೋಟಾರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಚಾಚಿಯ ಮಾತು ಸ್ಪಷ್ಟವಾಗಿ ಕೇಳುತ್ತಿದೆ, ಬೀದಿಯ ಮಾತು ಕೇಳುತ್ತಿದೆ. ಆದರೆ ಯಂತ್ರ ಹಾಕಿಕೊಂಡು ಮೋಟಾರು ಹಚ್ಚಿದರೆ, ಒಂದು ಕ್ಷಣ ಸದ್ದು ಕೇಳಿ ಆಮೇಲೆ ಕರಗಿಹೋಗುತ್ತದಂತೆ. ತೆಗೆದರೆ ಮೊದಲಿನಷ್ಟಾದರೂ ಕೇಳುತ್ತದೆ.

ಕಾರಣ ನನಗೆ ತಿಳಿಯಿತು. ಅವರ ಕಿವಿಯ ಯಂತ್ರದೊಳಗೂ ನನ್ನ ಡಬ್ಬಿಯಲ್ಲಿರುವಂಥದೇ ಒಂದು ಚಿಪ್ ಕೂತಿದೆ. ಏರಿಳಿಯುವ ಸದ್ದು ಮನುಷ್ಯರ ಮಾತು, ಅದನ್ನು ಉಳಿಸಬೇಕು. ಒಂದೇ ಸಮ ಗುಂಯ್‌ಗುಡುವುದು ಗದ್ದಲ, ಅದನ್ನು ತಗ್ಗಿಸಬೇಕು. ಮಾಡಿದವರು ಅದಕ್ಕೆ ಹಾಗೆ ಕಲಿಸಿದ್ದಾರೆ. ಫ್ಯಾನಿನ ಕೆಳಗೆ ಕೂತು ಮೊಮ್ಮಕ್ಕಳ ಮಾತು ಕೇಳುವವರಿಗೆ ಅದು ಸರಿಯಾದ ಪಾಠ. ಇದನ್ನೆಲ್ಲ ಬಿಡಿಸಿ ಹೇಳಿದೆ. ಚಾಚಾ ಮೋಟಾರು ಬಂದ್ ಮಾಡಿದರು.

"ನಲವತ್ತು ವರ್ಷ ನಾ ಕೇಳಿದ್ದನ್ನ ಇದು ಕಸ ಅಂತೈತೇನು?" ಎಂದರು.

ಚಾಚಿ ಒಳಗಿನಿಂದ ದಖನಿ ಉರ್ದುವಿನಲ್ಲಿ ಏನೋ ಅಂದರು. ನಲವತ್ತು ವರ್ಷ ನನ್ನ ಮಾತನ್ನು ನೀವು ಕಸ ಮಾಡಿದ್ದಿರಿ, ಈಗ ಲೆಕ್ಕ ಸರಿಹೋಯಿತು ಎಂಬ ಅರ್ಥ. ಚಾಚಾನಿಗೆ ಅದು ಪೂರ್ತಿ ಕೇಳಿಸಿತು. ಮುಖ ಗಂಟಿಕ್ಕಿಕೊಂಡೇ ಇರಬೇಕೆಂದು ಪ್ರಯತ್ನಿಸಿದರು, ಆಗಲಿಲ್ಲ.

ಮತ್ತೆ ಸಿಂಧನೂರಿಗೆ ಹೋದೆವು. ಆ ತರುಣಿ ಚಾಚಾನ ಕಷ್ಟವನ್ನು ಪೂರ್ತಿ ಕೇಳಿ, ಗದ್ದಲವೇ ಬೇಕೆಂದು ಬಂದವರು ನೀವೇ ಮೊದಲು ಎಂದಳು. ಕಂಪ್ಯೂಟರಿಗೆ ಜೋಡಿಸಿ, ಯಂತ್ರದಲ್ಲಿ ಎರಡನೆಯ ಹೊಂದಾಣಿಕೆಯೊಂದನ್ನು ಕೂರಿಸಿದಳು. ಗುಂಡಿ ಒತ್ತಿದರೆ ಅದು ಯಾವುದನ್ನೂ ಕಸವೆನ್ನದೆ ಎಲ್ಲವನ್ನೂ ಒಳಗೆ ಬಿಡುತ್ತದೆ. ಅಂಗಡಿಗೆ ಬಂದು ಗುಂಡಿ ಒತ್ತಿ ಮೋಟಾರು ಹಚ್ಚಿದಾಗ ಚಾಚಾ ಮುಖ ಸಿಂಡರಿಸಿದರು, ಆಮೇಲೆ ತಲೆ ಓರೆ ಮಾಡಿದರು. ಮೊದಲಿನ ಹಾಗಿಲ್ಲ ಎಂದರು, ತಗಡಿನ ಡಬ್ಬಿಯೊಳಗಿಂದ ಕೇಳಿದಂತಿದೆಯಂತೆ. ಆದರೆ ಐತಿ ಎಂದರು. ಆಮೇಲೆ ಅಂಗೈಯನ್ನೂ ಇಟ್ಟು ನೋಡಿದರು, ಯಂತ್ರದ ಮಾತನ್ನು ಪೂರ್ತಿ ನಂಬದವರಂತೆ.

ಇದಾಗಿ ಒಂದೂವರೆ ವರ್ಷ ದಾಟಿತು. ಅವರಿಗೆ ಈಗ ಹೊಸದೊಂದು ಹಟ. ಕಿವಿಯ ಯಂತ್ರ ಯಾವುದು ಕಸ, ಯಾವುದಲ್ಲ ಎಂದು ತಾನೇ ಯಾಕೆ ತೀರ್ಮಾನಿಸಬೇಕು, ಹಾಕಿಕೊಂಡವನನ್ನು ಯಾಕೆ ಕೇಳಬಾರದು ಎನ್ನುತ್ತಾರೆ. ಬಡಿಗನಿಗೆ ಒಂದು ಸಪ್ಪಳ ಬೇಕಾಗಿರುತ್ತದೆ, ಕಮ್ಮಾರನಿಗೆ ಇನ್ನೊಂದು, ಮಿಲ್ಲಿನವನಿಗೆ ಮತ್ತೊಂದು, ನೀನು ಅಂಥದೊಂದನ್ನು ಯಾಕೆ ಮಾಡಬಾರದು ಎಂದು ಹೋದಾಗೆಲ್ಲ ಕೇಳುತ್ತಾರೆ. ನಾನು ಆ ವಿಷಯದ ಮೇಲೆ ಬಂದಿರುವ ಪ್ರಬಂಧಗಳನ್ನು ಓದಲು ಶುರುಮಾಡಿದ್ದೇನೆ. ಬೇರೆ ಬೇರೆ ದೇಶಗಳಲ್ಲಿ ಕೆಲವರು ಅದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಮಾರ್ಗದರ್ಶಕರು ಮಾತ್ರ, ಅದು ಒಳ್ಳೆಯ ಪ್ರಶ್ನೆ, ಆದರೆ ಮೊದಲು ಕೈಯಲ್ಲಿರುವ ಪಿಎಚ್.ಡಿ. ಪ್ರಬಂಧ ಮುಗಿಸಿ ಎಂದು ಎರಡು ಸಲ ಪತ್ರ ಬರೆದಿದ್ದಾರೆ. ಅದನ್ನು ಚಾಚಾನಿಗೆ ತಿಳಿಸಿದೆ. ಅವರೇನೂ ಒಪ್ಪಿಲ್ಲ.